ಸೈಕಲ್ ನೋಂದಣಿ ಮಾಡಿಸಿದರೆ ಕಳವು ನಿಲ್ಲುತ್ತದಾ?

ಸೈಕಲ್ ಕಳವಿನ ವಿಷಯದಲ್ಲಿ ಒಂದು ವಿಚಿತ್ರ ದೇಶದಿಂದ ದೇಶಕ್ಕೆ ಹಾಗೇ ಮರುಕಳಿಸುತ್ತದೆ. ಒಂದು ಕಡೆ ಸೈಕಲ್ ಕಳೆದುಕೊಂಡವರ ದೂರುಗಳು ರಾಶಿ ಬಿದ್ದಿರುತ್ತವೆ. ಇನ್ನೊಂದು ಕಡೆ ಪೊಲೀಸರು ವಶಪಡಿಸಿಕೊಂಡ ಸೈಕಲ್‌ಗಳು ವಾರಸುದಾರರಿಲ್ಲದೆ ಶೆಡ್‌ನಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಕೊನೆಗೆ ಹರಾಜಿಗೆ ಹೋಗುತ್ತವೆ. ದೂರು ಕೊಟ್ಟವರ ಸೈಕಲ್ ಅದೇ ಶೆಡ್‌ನಲ್ಲಿ ಇದ್ದರೂ ಇರಬಹುದು. ಆದರೆ ಎರಡನ್ನೂ ತಾಳೆ ನೋಡುವುದು ಹೇಗೆ? ದೂರಿನಲ್ಲಿ ‘ಕಪ್ಪು ಬಣ್ಣದ ಗೇರ್ ಸೈಕಲ್, ಹ್ಯಾಂಡಲ್ ಹಿಡಿ ಸ್ವಲ್ಪ ಹರಿದಿದೆ’ ಅಂತ ಬರೆದಿರುತ್ತದೆ. ಶೆಡ್‌ನಲ್ಲಿ ಅಂಥವು ಹತ್ತಾರು.

ಹಾಗಂತ ಸೈಕಲ್‌ಗೆ ಗುರುತೇ ಇಲ್ಲ ಅಂತೇನಿಲ್ಲ. ಸೈಕಲ್ ಸುರಕ್ಷತೆಗೆ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 4210 ಪ್ರಕಾರ ಪ್ರತಿ ಫ್ರೇಮ್ ಮೇಲೂ ಅಳಿಸಿಹೋಗದ ಹಾಗೆ ಒಂದು ನಂಬರ್ ಇರಬೇಕು. ಬಹುತೇಕ ಸೈಕಲ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಆ ನಂಬರನ್ನು ಮಾಲೀಕರ ವಿವರದ ಜೊತೆ ಒಂದು ಪಟ್ಟಿಗೆ ಸೇರಿಸುವುದೇ ನೋಂದಣಿ. ಅದನ್ನು ಬರೆದಿಟ್ಟುಕೊಂಡವರು ಮಾತ್ರ ಕಡಿಮೆ. ಕಾರಿನ ನಂಬರನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವವರು ಸೈಕಲ್ ನಂಬರ್ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಕಳವಾದ ಮೇಲೆ ನೋಡೋಣ ಅಂದರೆ, ನಂಬರ್ ಇರುವ ಸೈಕಲ್ಲೇ ಕೈಯಲ್ಲಿ ಇರುವುದಿಲ್ಲವಲ್ಲ!

ಇದು ಸಣ್ಣ ಕೊರತೆ ಅಲ್ಲ. ಅಮೆರಿಕದ ಪೊಲೀಸರು ದೇಶಕ್ಕೆಲ್ಲ ಒಂದೇ ಆಗಿ ಬಳಸುವ ಎನ್‌ಸಿಐಸಿ ಎಂಬ ಕಡತ ಇದೆ. ಕಳವಾದ ವಸ್ತುವನ್ನು ಅದರಲ್ಲಿ ಸೇರಿಸಬೇಕಾದರೆ ಅದರ ಮೇಲೆ ಕೆತ್ತಿದ ನಂಬರ್ ಬೇಕೇ ಬೇಕು. ಬಣ್ಣ, ಬ್ರ್ಯಾಂಡ್ ಹೇಳಿದರೆ ಸಾಲದು. ಅಂದರೆ ನಂಬರ್ ಇಲ್ಲದ ದೂರು ಆ ಠಾಣೆಯಿಂದ ಆಚೆಗೆ ಹೋಗುವುದೇ ಇಲ್ಲ. ಸೈಕಲ್ ಮಾತ್ರ ಆರಾಮಾಗಿ ಪಕ್ಕದ ಊರಿಗೆ ಹೋಗಿರುತ್ತದೆ.

ಆ ನಂಬರ್ ಹುಡುಕುವುದೇ ಒಂದು ಕೆಲಸ. ಸೈಕಲ್ ತಲೆಕೆಳಗು ಮಾಡಿ, ಎರಡು ಪೆಡಲ್‌ಗಳ ನಡುವಿನ ದಪ್ಪ ಕೊಳವೆಯ ಅಡಿ ನೋಡಬೇಕು. ಹೆಚ್ಚಾಗಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ, ಸೀಟಿನ ಕೊಳವೆಯ ಮೇಲೆ, ಅಥವಾ ಹಿಂದಿನ ಚಕ್ರ ಕೂರುವ ಜಾಗದ ಹತ್ತಿರ. ಪೆಡಲ್ ಅಡಿಯ ಆ ಜಾಗಕ್ಕೆ ರಸ್ತೆಯ ಕೆಸರು, ಚೈನಿನ ಗ್ರೀಸು ಎಲ್ಲ ಮೆತ್ತಿರುತ್ತದೆ. ಗೇರ್ ಕೇಬಲ್ ಹಾಯುವ ಪ್ಲಾಸ್ಟಿಕ್ ತುಂಡು ಅರ್ಧ ನಂಬರ್ ಮುಚ್ಚಿರುತ್ತದೆ. ಮೇಲಿಂದ ಬಣ್ಣ ಬೇರೆ ದಪ್ಪಗೆ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಬಹುದು. ಓದಲು ಆಯಿತು ಅಂದುಕೊಂಡ ಮೇಲೂ ಒಂದು ಫೋಟೋ ತೆಗೆದಿಡುವುದು ಒಳ್ಳೆಯದು. ಅದು 8 ಅಲ್ಲ, ಇಂಗ್ಲಿಷಿನ ಬಿ ಅಂತ ಆಮೇಲೆ ಗೊತ್ತಾಗುವುದುಂಟು. ಫ್ರೇಮ್ ಮೇಲಿನ ಸ್ಟಿಕ್ಕರ್‌ನಲ್ಲಿರುವ ಮಾನದಂಡದ ಸಂಖ್ಯೆಯನ್ನೇ ಸೈಕಲ್ ನಂಬರ್ ಅಂದುಕೊಳ್ಳುವ ಅಪಾಯವೂ ಇದೆ. ಆ 4210 ಲಕ್ಷಾಂತರ ಸೈಕಲ್‌ಗಳ ಮೇಲೆ ಇರುತ್ತದೆ.

ಕಾರಿನ ಕಥೆ ಬೇರೆ. ಕಾರುಗಳಿಗೆ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇರುತ್ತದೆ. ಯಾವ ಕಂಪನಿ, ಯಾವ ಮಾದರಿ ಎಲ್ಲವೂ ಅದರಲ್ಲೇ ಅಡಗಿರುತ್ತದೆ. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಬೆರೆತು ಗೊಂದಲ ಆಗಬಾರದು ಅಂತ. ಸೈಕಲ್‌ಗೆ ಇಂಥ ಜಾಗತಿಕ ಪದ್ಧತಿ ಯಾವುದೂ ಇಲ್ಲ. ಪ್ರತಿ ಕಾರ್ಖಾನೆಯದ್ದೂ ಅದರದೇ ಲೆಕ್ಕ. ಒಂದು ಕಂಪನಿಯ ಸೈಕಲ್‌ಗೂ ಇನ್ನೊಂದು ಕಂಪನಿಯ ಸೈಕಲ್‌ಗೂ ಒಂದೇ ನಂಬರ್ ಬಿದ್ದರೆ ತಡೆಯುವವರಿಲ್ಲ. ಹಾಗಾಗಿ ಒಳ್ಳೆಯ ನೋಂದಣಿ ವ್ಯವಸ್ಥೆಗಳು ಬರೀ ನಂಬರ್ ಕೇಳಿ ಸುಮ್ಮನಾಗುವುದಿಲ್ಲ. ಬ್ರ್ಯಾಂಡ್, ಮಾದರಿ, ಬಣ್ಣ, ಫೋಟೋ, ಬಿಲ್ ಎಲ್ಲ ಕೇಳುತ್ತವೆ. ಕೆಲವು ತಮ್ಮದೇ ಹೊಸ ಸಂಖ್ಯೆಯನ್ನು ಫ್ರೇಮ್ ಮೇಲೆ ಕೆತ್ತುತ್ತವೆ ಅಥವಾ ಕಿತ್ತರೆ ಚೂರುಚೂರಾಗುವ ಸ್ಟಿಕ್ಕರ್ ಅಂಟಿಸುತ್ತವೆ. ಕಾರ್ಬನ್ ಫ್ರೇಮ್ ಆದರೆ ಸ್ಟಿಕ್ಕರೇ ಗತಿ. ಕೆತ್ತಿದರೆ ಫ್ರೇಮ್‌ಗೇ ಪೆಟ್ಟು.

ಸರಿ, ನೋಂದಣಿ ಆಯಿತು. ಕಳ್ಳ ಹೆದರುತ್ತಾನಾ? ಕತ್ತಲಲ್ಲಿ ಕಟರ್ ಹಿಡಿದು ಬಂದವನು ಮೊಣಕಾಲೂರಿ ನಂಬರ್ ಓದುವುದಿಲ್ಲ. ಬೀಗ ಎಷ್ಟು ಗಟ್ಟಿ, ಜನ ಇದ್ದಾರಾ ಅಂತ ಅಷ್ಟೇ ನೋಡುತ್ತಾನೆ. ನೋಂದಣಿ ಕೆಲಸ ಮಾಡುವುದು ಕಳ್ಳನ ಮೇಲೆ ಅಲ್ಲ, ಅವನ ಗಿರಾಕಿಯ ಮೇಲೆ. ಕದ್ದ ಸೈಕಲ್ ಬೇಗ ಕೈ ಬದಲಾಗಬೇಕು, ಇಲ್ಲದಿದ್ದರೆ ಕದ್ದು ಪ್ರಯೋಜನ ಇಲ್ಲ. ಕೊಳ್ಳುವವರು ‘ನಂಬರ್ ನೋಡಿ ಹೇಳುತ್ತೇನೆ’ ಅಂದ ದಿನ ಆ ಮಾಲು ಮಾರುವುದೇ ಕಷ್ಟವಾಗುತ್ತದೆ. ಹಾಗೆ ಕೇಳುವವರು ಇಲ್ಲದ ಕಡೆ ಎಷ್ಟು ಸೈಕಲ್ ನೋಂದಣಿ ಆದರೂ ಅದು ಬರೀ ದೊಡ್ಡ ಪಟ್ಟಿ.

ಅದಕ್ಕೇ ನೋಂದಣಿ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಅದನ್ನು ಯಾರು ಬೇಕಾದರೂ ಹುಡುಕಬಹುದಾ ಎಂಬುದನ್ನು. 2013ರಲ್ಲಿ ಶುರುವಾದ ಬೈಕ್ ಇಂಡೆಕ್ಸ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆ ಇದನ್ನು ಮುಕ್ತವಾಗಿ ಇಟ್ಟಿದೆ. ನಂಬರ್ ಹಾಕಿದರೆ ಸೈಕಲ್ ಕಳವಾಗಿದೆಯೋ ಇಲ್ಲವೋ ಯಾರಿಗಾದರೂ ಗೊತ್ತಾಗುತ್ತದೆ. ಬ್ರಿಟನ್ನಿನ ಬೈಕ್ ರಿಜಿಸ್ಟರ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸೈಕಲ್‌ಗಳಿವೆ. ಅಲ್ಲಿನ ಪೊಲೀಸರು ಅದನ್ನೇ ನೋಡುತ್ತಾರೆ. ಹಳೇ ಸೈಕಲ್ ಕೊಳ್ಳುವವರಿಗೂ ಪುಕ್ಕಟೆ ತಪಾಸಣೆ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಮೋಟಾರು ವಾಹನಗಳ ದಾಖಲೆ ಇಡುವ ಸರ್ಕಾರಿ ಸಂಸ್ಥೆ ಆರ್‌ಡಿಡಬ್ಲ್ಯೂನೇ ಕಳವಾದ ಸೈಕಲ್‌ಗಳ ಪಟ್ಟಿಯನ್ನೂ ಇಟ್ಟುಕೊಂಡಿದೆ.

ಮುಕ್ತ ಪಟ್ಟಿಯ ಬಲ ಎಷ್ಟು, ಮಿತಿ ಎಷ್ಟು ಅನ್ನುವುದಕ್ಕೆ ಒಂದೇ ಪ್ರಕರಣ ಸಾಕು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕಳವಾದ ದುಬಾರಿ ಸೈಕಲ್‌ಗಳು ಮೆಕ್ಸಿಕೋದ ಹಲಿಸ್ಕೋ ರಾಜ್ಯದಿಂದ ಸಾಮಾಜಿಕ ಜಾಲತಾಣದಲ್ಲಿ ಮಾರಾಟಕ್ಕೆ ಬಂದಿದ್ದವು. ಬೈಕ್ ಇಂಡೆಕ್ಸ್‌ನವರು ಜಾಹೀರಾತಿನ ಫೋಟೋ ಮತ್ತು ಕಳವಿನ ದೂರಿನ ಫೋಟೋ ಪಕ್ಕಪಕ್ಕ ಇಟ್ಟು ಇದನ್ನು ಬಯಲಿಗೆಳೆದರು. ಪೆಡಲ್, ಸೀಟು, ಅಲ್ಲೊಂದು ಗೀರು, ಇಲ್ಲೊಂದು ಸ್ಟಿಕ್ಕರ್ ಎಲ್ಲ ಹೊಂದುತ್ತಿದ್ದವು. ಆದರೆ ಎಲ್ಲಿದೆ ಅಂತ ಗೊತ್ತಾಗುವುದು ಬೇರೆ, ಮನೆಗೆ ಬರುವುದು ಬೇರೆ. ಗಡಿ ದಾಟಿದ ಸೈಕಲನ್ನು ವಾಪಸ್ ತರುವುದಕ್ಕೆ ಎರಡು ದೇಶಗಳ ಪೊಲೀಸರು ಮನಸ್ಸು ಮಾಡಬೇಕು. ಒಂದು ಸೈಕಲ್‌ಗಾಗಿ ಅಷ್ಟು ಓಡಾಡುವ ಇಲಾಖೆ ಅಪರೂಪ, ಅಲ್ವಾ?

ಸ್ಟಿಕ್ಕರ್ ನೋಡಿಯೇ ಕಳ್ಳ ಪಕ್ಕಕ್ಕೆ ಸರಿಯುತ್ತಾನೆ ಅನ್ನುವ ವಾದವೂ ಇದೆ. ಪಕ್ಕಕ್ಕೆ ಸರಿಯುತ್ತಾನೆ, ನಿಜ. ಪಕ್ಕದ ಸೈಕಲ್ ಕಡೆಗೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಅದು ನೋಂದಣಿಯದ್ದಲ್ಲ, ಎಚ್ಚರಿಕೆ ಫಲಕದ್ದು. ಕ್ಯಾಂಪಸ್‌ನ ಕೆಲವು ಸೈಕಲ್ ಸ್ಟ್ಯಾಂಡ್‌ಗಳಲ್ಲಿ ದಿಟ್ಟಿಸಿ ನೋಡುವ ಕಣ್ಣುಗಳ ಚಿತ್ರ ಮತ್ತು ‘ಸೈಕಲ್ ಕಳ್ಳರೇ, ನಿಮ್ಮನ್ನು ನೋಡುತ್ತಿದ್ದೇವೆ’ ಎಂಬರ್ಥದ ಬರಹ ಹಾಕಿದರು. ಅಲ್ಲಿ ಕಳವು 62% ಇಳಿಯಿತು. ಫಲಕ ಇಲ್ಲದ ಸ್ಟ್ಯಾಂಡ್‌ಗಳಲ್ಲಿ 65% ಏರಿತು. ಊರಿನಲ್ಲಿ ನೂರಕ್ಕೆ ಹತ್ತು ಸೈಕಲ್‌ಗೆ ಸ್ಟಿಕ್ಕರ್ ಇದ್ದರೆ ಆ ಹತ್ತು ಜನರಿಗೆ ಸ್ವಲ್ಪ ರಕ್ಷಣೆ ಸಿಗಬಹುದು. ಊರಿನ ಲೆಕ್ಕದಲ್ಲಿ ಕಳವು ಕಡಿಮೆ ಆಯಿತು ಅಂತ ಹೇಳಬೇಕಾದರೆ ಹೆಚ್ಚುಕಮ್ಮಿ ಎಲ್ಲ ಸೈಕಲ್‌ಗಳೂ ಪಟ್ಟಿಯಲ್ಲಿರಬೇಕು.

ಕೆನಡಾದ ವ್ಯಾಂಕೂವರ್ ಆ ದಾರಿಯಲ್ಲಿ ಹೋದ ನಗರ. ಅಲ್ಲಿನ ಪೊಲೀಸರು 2015ರಲ್ಲಿ 529 ಗರಾಜ್ ಎಂಬ ನೋಂದಣಿ ಆ್ಯಪ್ ಜೊತೆ ಕೈಜೋಡಿಸಿದರು. ಸೈಕಲ್ ಸಂಘ, ಅಂಗಡಿಗಳನ್ನೂ ಜೊತೆಗೆ ಸೇರಿಸಿಕೊಂಡರು. ನಂತರದ ವರ್ಷಗಳಲ್ಲಿ ಕಳವಿನ ದೂರುಗಳು ಇಳಿದವು. ಇದನ್ನು ನೋಂದಣಿಯ ಗೆಲುವು ಅಂತಲೇ ಹೇಳುತ್ತಾರೆ. ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಅದೇ ಪೊಲೀಸರು ಟ್ರ್ಯಾಕರ್ ಬಚ್ಚಿಟ್ಟ ಸೈಕಲ್‌ಗಳನ್ನು ಬೀದಿಯಲ್ಲಿ ನಿಲ್ಲಿಸಿ, ಕದ್ದವರನ್ನು ಹಿಂಬಾಲಿಸಿ ಹಿಡಿಯುವ ಕೆಲಸವನ್ನೂ ಮಾಡುತ್ತಿದ್ದರು. ಯಾವುದರಿಂದ ಎಷ್ಟು ಲಾಭವಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಒಂದು ಮಾತ್ರ ಕಾಣುತ್ತದೆ. ಪೊಲೀಸರು, ಅಂಗಡಿಯವರು, ಸವಾರರು ಮೂವರೂ ಒಂದೇ ಪಟ್ಟಿಯನ್ನು ನೋಡಲು ಶುರು ಮಾಡಿದರು.

ಎಲ್ಲರೂ ಪಟ್ಟಿಯಲ್ಲಿರಬೇಕು ಅಂದ ಕೂಡಲೇ ಮುಂದಿನ ಮಾತು ‘ಹಾಗಾದರೆ ಕಡ್ಡಾಯ ಮಾಡಿ’. ಜಗಳ ಶುರುವಾಗುವುದು ಇಲ್ಲೇ. ಕಡ್ಡಾಯ ಯಾರಿಗೆ? ಸೈಕಲ್ ಓಡಿಸುವವರಿಗೋ, ಮಾರುವವರಿಗೋ? ಎರಡೂ ಒಂದೇ ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಪರಿಣಾಮಕ್ಕೆ ಅಜಗಜಾಂತರ.

ಜಪಾನಿನಲ್ಲಿ 1994ರಿಂದ ಸೈಕಲ್ ಇಟ್ಟುಕೊಂಡವರು ಅದನ್ನು ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ದಂಡ ಇಲ್ಲ. ಆದರೂ ಹೊಸ ಸೈಕಲ್ ಕೊಂಡಾಗ ಅಂಗಡಿಯವರೇ ಅರ್ಜಿ ತುಂಬಿಸಿ, ಫ್ರೇಮ್‌ಗೆ ಸ್ಟಿಕ್ಕರ್ ಅಂಟಿಸಿ ಕೊಡುವುದರಿಂದ ಅದು ರೂಢಿಯಾಗಿಬಿಟ್ಟಿದೆ. ವಿವರ ಪೊಲೀಸರ ಕಡತಕ್ಕೆ ಹೋಗುತ್ತದೆ. ರಸ್ತೆಯಲ್ಲಿ ಪೊಲೀಸರು ತಡೆದು ನಂಬರ್ ಕೇಳುವುದು ಅಲ್ಲಿ ಮಾಮೂಲು. ಸೈಕಲ್ ಸವಾರನ ಹೆಸರಿನಲ್ಲೇ ಇದ್ದರೆ ಎರಡು ನಿಮಿಷದಲ್ಲಿ ಬಿಡುತ್ತಾರೆ. ಗೆಳೆಯರು ಊರು ಬಿಡುವಾಗ ಕೊಟ್ಟುಹೋದ ಸೈಕಲ್ ಆಗಿದ್ದು, ಕಾಗದ ಬದಲಾಯಿಸಿರದಿದ್ದರೆ? ನಿಂತು ವಿವರಣೆ ಕೊಡಬೇಕು. ಹಳೇ ನೋಂದಣಿ ರದ್ದು ಮಾಡಿಸಿ, ವರ್ಗಾವಣೆ ಪತ್ರ ಹಿಡಿದು, ಹೊಸದಾಗಿ ಮಾಡಿಸಬೇಕಿತ್ತು. ಸಾಲದ್ದಕ್ಕೆ ಕಡತಗಳು ಪ್ರಾಂತಕ್ಕೊಂದು. ಬೇರೆ ಪ್ರಾಂತಕ್ಕೆ ಮನೆ ಬದಲಾಯಿಸಿದರೆ ಮತ್ತೆ ಮೊದಲಿಂದ.

ಜಪಾನಿನಲ್ಲಿ ಇದು ಕಿರಿಕಿರಿಯ ಮಟ್ಟದಲ್ಲಿ ನಿಲ್ಲುತ್ತದೆ. ಬೇರೆ ಕಡೆ ಹಾಗೇ ನಿಂತಿಲ್ಲ. ಕೆನಡಾದ ಟೊರಾಂಟೊದಲ್ಲಿ 1935ರಿಂದ ಸೈಕಲ್‌ಗೆ ಲೈಸೆನ್ಸ್ ಬೇಕಿತ್ತು. 1957ರಲ್ಲಿ ನಗರಾಡಳಿತ ಅದನ್ನು ಕೈಬಿಟ್ಟಿತು. ಕೊಟ್ಟ ಕಾರಣ ಸ್ವಾರಸ್ಯವಾಗಿದೆ. ಎಳೆಯ ಮಕ್ಕಳು ತಮಗೇ ಗೊತ್ತಿಲ್ಲದೆ ಕಾನೂನು ಮುರಿದವರಾಗುತ್ತಿದ್ದಾರೆ, ಮಕ್ಕಳಿಗೂ ಪೊಲೀಸರಿಗೂ ನಡುವೆ ಸಂಬಂಧ ಕೆಡುತ್ತಿದೆ ಅಂತ.

ಇದಕ್ಕಿಂತ ಗಂಭೀರವಾದದ್ದು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಪ್ರಕರಣ. ಅಲ್ಲಿ ಲೈಸೆನ್ಸ್ ಅಲ್ಲ, ದೀಪ ಇಲ್ಲ, ಡಬಲ್ ರೈಡಿಂಗ್ ಎಂಬಂಥ ಸಣ್ಣಪುಟ್ಟ ಕಾರಣ ಹಿಡಿದು ಪೊಲೀಸರು ಸೈಕಲ್ ಸವಾರರನ್ನು ನಿಲ್ಲಿಸುತ್ತಿದ್ದರು. ಸೈಕಲ್ ಕಳವು, ಅಪರಾಧ ತಡೆಯುವುದು ಉದ್ದೇಶ ಅಂತ ಹೇಳುತ್ತಿದ್ದರು. 2015ರಲ್ಲಿ ಪತ್ರಿಕಾ ವರದಿ ಬಂದ ಮೇಲೆ ಕೇಂದ್ರ ನ್ಯಾಯ ಇಲಾಖೆ ತನಿಖೆ ಮಾಡಿ 2016ರಲ್ಲಿ ವರದಿ ಕೊಟ್ಟಿತು. ನಿಲ್ಲಿಸಲಾದ ಸವಾರರಲ್ಲಿ 73% ಕಪ್ಪು ಜನಾಂಗದವರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಕಾಲು ಭಾಗ ಮಾತ್ರ. ಇಷ್ಟೆಲ್ಲ ಮಾಡಿದರೂ ಸುರಕ್ಷತೆ, ಸೈಕಲ್ ಕಳವು, ಒಟ್ಟು ಅಪರಾಧ ಯಾವುದರಲ್ಲೂ ಸಮುದಾಯಕ್ಕೆ ಲಾಭ ಆಗಲಿಲ್ಲ ಅಂತ ವರದಿ ಹೇಳಿತು. ರಸ್ತೆಯಲ್ಲಿ ಸವಾರನನ್ನು ನಿಲ್ಲಿಸುವ ಅಧಿಕಾರ ಕೊಟ್ಟರೆ ಅದು ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. 2023ರಿಂದ ಅಲ್ಲಿನ ನಗರಗಳು ಸೈಕಲ್‌ಗೆ ಲೈಸೆನ್ಸ್ ಕಡ್ಡಾಯ ಮಾಡುವಂತಿಲ್ಲ.

ಫ್ರಾನ್ಸ್ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 2021ರ ಜನವರಿ 1ರಿಂದ ಅಲ್ಲಿ ಅಂಗಡಿಯವರು ಮಾರುವ ಹೊಸ ಸೈಕಲ್‌ಗಳ ಮೇಲೆ ಗುರುತಿನ ಸಂಖ್ಯೆ ಇರಲೇಬೇಕು. ಅದೇ ವರ್ಷ ಜುಲೈಯಿಂದ ವ್ಯಾಪಾರಿಗಳು ಮಾರುವ ಸೆಕೆಂಡ್ ಹ್ಯಾಂಡ್ ಸೈಕಲ್‌ಗಳಿಗೂ ಈ ನಿಯಮ ಬಂತು. ಚಿಕ್ಕ ಮಕ್ಕಳ ಸೈಕಲ್‌ಗೆ ವಿನಾಯಿತಿ ಇದೆ. ಜನರ ಮನೆಯಲ್ಲಿ ಮೊದಲೇ ಇದ್ದ ಹಳೇ ಸೈಕಲ್‌ಗಳಿಗೆ ಇದು ಐಚ್ಛಿಕ. ಹೊಣೆ ಅಂಗಡಿಯ ಮೇಲೆ. ರಸ್ತೆಯಲ್ಲಿ ಹೋಗುವವರನ್ನು ತಡೆದು ‘ನಂಬರ್ ಎಲ್ಲಿ’ ಅಂತ ಕೇಳುವ ಅಗತ್ಯವೇ ಇಲ್ಲ. ವರ್ಷ ಕಳೆದ ಹಾಗೆ ಹಳೇ ಸೈಕಲ್‌ಗಳು ತಾವಾಗಿ ಗುಜರಿಗೆ ಹೋಗುತ್ತವೆ, ಗುರುತಿರುವ ಸೈಕಲ್‌ಗಳ ಪ್ರಮಾಣ ತಾನಾಗಿ ಏರುತ್ತದೆ. ನಿಧಾನ, ಒಪ್ಪುತ್ತೇನೆ. ಯಾರ ಮೇಲೂ ಗದರದೆ ನಡೆಯುವ ಕೆಲಸ.

ಅಲ್ಲಿ ಇನ್ನೊಂದು ವಿಷಯವನ್ನೂ ಸರಿಯಾಗಿ ಮಾಡಿದ್ದಾರೆ. ಗುರುತು ಹಾಕುವ ಕಂಪನಿಗಳು ಹಲವು. 2004ರಿಂದ ಇರುವ ಬೈಸಿಕೋಡ್ ಅವುಗಳಲ್ಲಿ ಹಳೆಯದು. ಆದರೆ ಎಲ್ಲರ ಮಾಹಿತಿಯೂ ಹೋಗಿ ಸೇರುವುದು ಒಂದೇ ರಾಷ್ಟ್ರೀಯ ಕಡತಕ್ಕೆ. ಆರು ಕಡೆ ಆರು ಪಟ್ಟಿ ಇದ್ದರೆ ಕೊಳ್ಳುವವರು ಆರು ಕಡೆ ಹುಡುಕಬೇಕು. ಯಾರು ಹುಡುಕುತ್ತಾರೆ? ಹಲವು ದೇಶಗಳಲ್ಲಿ ನೋಂದಣಿ ಸೋಲುವುದು ಇಲ್ಲೇ. ಫ್ರಾನ್ಸಿನ ಕಡತದಲ್ಲಿ ಸಂಖ್ಯೆ ಹಾಕಿದರೆ ಸೈಕಲ್ ಬಳಕೆಯಲ್ಲಿದೆಯೋ, ಕಳವಾಗಿದೆಯೋ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮಾಲೀಕರ ಹೆಸರು, ವಿಳಾಸ ಮಾತ್ರ ಕಾಣುವುದಿಲ್ಲ. ಇದು ಮುಖ್ಯ. ದುಬಾರಿ ಸೈಕಲ್ ಯಾವ ಮನೆಯಲ್ಲಿದೆ ಅಂತ ತೋರಿಸುವ ಪಟ್ಟಿ ಕಳ್ಳನಿಗೇ ಉಪಕಾರ ಮಾಡುತ್ತದೆ.

ಈ ದೃಷ್ಟಿಯಿಂದ ಜರ್ಮನಿಯ ಹಳೇ ಪದ್ಧತಿ ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಫ್ರೇಮ್ ಮೇಲೆ ಕೆತ್ತುವ ಸಂಕೇತದಲ್ಲೇ ಜಿಲ್ಲೆ, ಊರು, ಬೀದಿ, ಮನೆ ಸಂಖ್ಯೆ, ಮಾಲೀಕರ ಹೆಸರಿನ ಮೊದಲ ಅಕ್ಷರಗಳು ಸೇರಿರುತ್ತವೆ. ಯಾವ ಕಡತವೂ ಇಲ್ಲದೆ ಪೊಲೀಸರು ಸೈಕಲ್ ನೋಡಿಯೇ ಮನೆ ಹುಡುಕಬಹುದು. ಜಾಣತನವೇ. ಮನೆ ಬದಲಾಯಿಸಿದರೆ? ಕೆತ್ತಿದ್ದು ಕೆತ್ತಿದ್ದೇ.

ಡೆನ್ಮಾರ್ಕ್ ದಾರಿ ಬೇರೆ. ಅಲ್ಲಿ ಮಾರುವ ಸೈಕಲ್‌ಗಳಿಗೆ ಫ್ರೇಮ್ ನಂಬರ್ ಇರಬೇಕು ಎಂಬ ನಿಯಮ 1940ರ ದಶಕದಿಂದಲೇ ಇದೆ. ಅದಕ್ಕಿಂತ ಮುಖ್ಯವಾಗಿ, ಕಳವಾದ ಸೈಕಲ್‌ಗೆ ವಿಮೆ ಹಣ ಬೇಕಾದರೆ ಆ ನಂಬರ್ ಕೊಡಬೇಕು, ಅನುಮೋದಿತ ಬೀಗ ಹಾಕಿದ್ದೆ ಅಂತ ತೋರಿಸಬೇಕು. ಹಾಗಾಗಿ ಜನ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಪೊಲೀಸರ ಭಯಕ್ಕಿಂತ ವಿಮೆ ಹಣದ ಆಸೆ ಚೆನ್ನಾಗಿ ಕೆಲಸ ಮಾಡುತ್ತದೆ.

ಟ್ರ್ಯಾಕರ್ ಇಟ್ಟರೆ ಸಾಲದಾ ಅಂತ ಕೇಳುವವರಿದ್ದಾರೆ. ಸೈಕಲ್ ಎಲ್ಲಿದೆ ಅಂತ ಅದು ಹೇಳುತ್ತದೆ, ಯಾರದು ಅಂತ ಹೇಳುವುದಿಲ್ಲ. ಯಾರದೋ ಮನೆ ಬಾಗಿಲ ಮುಂದೆ ನಿಂತಾಗ ಪೊಲೀಸರು ಮೊದಲು ಕೇಳುವುದು ‘ಇದು ನಿಮ್ಮದು ಅನ್ನುವುದಕ್ಕೆ ದಾಖಲೆ ಏನಿದೆ?’ ಅಂತ. ಜೊತೆಗೆ, ಏರ್‌ಟ್ಯಾಗ್‌ನಂಥ ಪುಟ್ಟ ಟ್ರ್ಯಾಕರ್‌ಗಳು ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ ಹತ್ತಿರದಲ್ಲಿರುವ ಅಪರಿಚಿತರ ಫೋನಿಗೆ ಎಚ್ಚರಿಕೆ ಕಳಿಸುತ್ತವೆ. ಸೈಕಲ್ ಕದ್ದವನೂ ಅಂಥ ಅಪರಿಚಿತನೇ. ಇನ್ನು ಚಕ್ರ, ಸೀಟು, ಬ್ಯಾಟರಿ ಬಿಚ್ಚಿ ಬಿಡಿ ಭಾಗಗಳಾಗಿ ಮಾರುವವರ ಮುಂದೆ ಫ್ರೇಮ್ ನೋಂದಣಿ ಕೈಚೆಲ್ಲುತ್ತದೆ. ಬ್ಯಾಟರಿ ಸೈಕಲ್ ಇದ್ದವರು ಮೋಟಾರ್ ಮತ್ತು ಬ್ಯಾಟರಿಯ ನಂಬರ್‌ಗಳನ್ನೂ ಬರೆದಿಟ್ಟರೆ ಸ್ವಲ್ಪ ವಾಸಿ.

ನೋಂದಣಿ ಮಾಡಿಸಿದ ಮೇಲೆ ಅದನ್ನು ಜೀವಂತ ಇಡುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಸೈಕಲ್ ಮಾರಿದಾಗ ಹೆಸರು ಬದಲಾಯಿಸುವುದಿಲ್ಲ. ಫೋನ್ ನಂಬರ್ ಬದಲಾದರೆ ತಿಳಿಸುವುದಿಲ್ಲ. ಸೈಕಲ್ ಸಿಕ್ಕಿದರೂ ಪೊಲೀಸರು ಹಳೇ ನಂಬರ್‌ಗೆ ಫೋನ್ ಮಾಡಿ ಕೈಬಿಡುತ್ತಾರೆ. ಕಳವಾದ ಮೇಲೆ ಪಟ್ಟಿಯಲ್ಲಿ ‘ಕಳವಾಗಿದೆ’ ಅಂತ ಗುರುತು ಮಾಡುವುದು ಒಂದು ಕೆಲಸ, ಠಾಣೆಯಲ್ಲಿ ದೂರು ಕೊಡುವುದು ಇನ್ನೊಂದು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅರ್ಧ ಕೆಲಸ. ‘ಹೋದದ್ದು ಹೋಯಿತು, ದೂರು ಕೊಟ್ಟು ಏನು ಪ್ರಯೋಜನ’ ಅಂತ ಸುಮ್ನೆ ಇರುವವರಿಂದ ಪಟ್ಟಿಯೂ ಸುಳ್ಳು ಹೇಳುತ್ತದೆ. ಕಳವಾದ ಸೈಕಲ್ ಅಲ್ಲಿ ‘ಸರಿಯಾಗಿದೆ’ ಅಂತಲೇ ಇರುತ್ತದೆ. ಆ ನಂಬರ್ ನೋಡಿದ ಅಮಾಯಕ ಗಿರಾಕಿ ನಂಬಿ ಹಣ ಕೊಡುತ್ತಾರೆ.

ಒಂದು ಕೊಂಡಿ ಮಾತ್ರ ಇನ್ನೂ ಸಡಿಲವಾಗಿದೆ. ಅದು ರಿಪೇರಿ ಅಂಗಡಿ. ಕದ್ದ ಸೈಕಲ್ ಆದರೂ ಟ್ಯೂಬ್ ಪಂಕ್ಚರ್ ಆಗುತ್ತದೆ, ಚೈನ್ ಸವೆಯುತ್ತದೆ. ಹೊಸ ಮಾಲು ಮಾರುವವರ ಮೇಲೆ ಹಾಕಿದ ಹೊಣೆಯ ಸಣ್ಣ ಭಾಗವನ್ನು ಇವರಿಗೂ ಹಂಚಬಹುದು. ದಂಡ ಬೇಡ, ತನಿಖೆ ಬೇಡ. ಸರ್ವಿಸ್‌ಗೆ ಬಂದ ಸೈಕಲ್‌ನ ನಂಬರನ್ನು ಬಿಲ್‌ನಲ್ಲಿ ಬರೆಯುವ ರೂಢಿ ಸಾಕು. ಪೆಡಲ್ ಅಡಿಯ ಕೆಸರು ಒರೆಸುವವರು ಹೇಗೂ ಅವರೇ. ಬರೆಯುವಾಗಲೇ ಪಟ್ಟಿಯಲ್ಲಿ ಒಮ್ಮೆ ನೋಡಿದರೆ ಕಳವಿನ ಮಾಲು ಅಲ್ಲೇ ಗೊತ್ತಾಗುತ್ತದೆ. ಮಾಲೀಕರಿಗೂ ತಮ್ಮ ಸೈಕಲ್ ನಂಬರ್ ಮೊದಲ ಸಲ ಒಂದು ಕಾಗದದ ಮೇಲೆ ಸಿಗುತ್ತದೆ.